ನನ್ನ ತಪ್ಪಿಗೆ ಅವಳು ಕೇಳಿದ ಕ್ಷಮೆ

ಅಮ್ಮ ತೀರಿಕೊಂಡದ್ದು ಮೇ ತಿಂಗಳಲ್ಲಿ. ಕ್ರೋಂಪೇಟೆಯ ನಮ್ಮ ನೆಲಮಹಡಿಯ ಮನೆಯ ಹಿಂಬಾಗಿಲಿನಿಂದ ಹೊರಗೆ ಹೋದವರು ದಾರಿ ತಪ್ಪಿ, ಮಧ್ಯಾಹ್ನದವರೆಗೆ ಬಿಸಿಲಿನಲ್ಲಿ ಅಲೆದು, ಪಲ್ಲಾವರದ ಹತ್ತಿರ ಒಂದು ಬಸ್ ಸ್ಟಾಪಿನಲ್ಲಿ ಕುಸಿದು ಕೂತಿದ್ದರು. ಆಸ್ಪತ್ರೆಗೆ ಸೇರಿಸಿದ ಮೂರನೆಯ ದಿನ ಹೋದರು.

ಅವರಿಗೆ ಎಂಬತ್ತೊಂದು ವರ್ಷ. ನಾಲ್ಕು ವರ್ಷಗಳಿಂದ ಮರೆವಿನ ಕಾಯಿಲೆ. ಮದುವೆಯಾಗಿ ಮೈಸೂರಿನಿಂದ ಮದರಾಸಿಗೆ ಬಂದು ಅರವತ್ತು ವರ್ಷ ಇಲ್ಲೇ ಸಂಸಾರ ಮಾಡಿದವರು, ತರಕಾರಿಯವನೊಂದಿಗೆ ತಮಿಳಿನಲ್ಲಿ ಜಗಳ ಆಡಿ ಗೆಲ್ಲುತ್ತಿದ್ದವರು. ಕಾಯಿಲೆ ಮೊದಲು ಕಿತ್ತುಕೊಂಡದ್ದು ಆ ತಮಿಳನ್ನು. ಬಸ್ ಸ್ಟಾಪಿನ ಪಕ್ಕದ ಟೀ ಅಂಗಡಿಯವನು ಆಮೇಲೆ ನನಗೆ ಹೇಳಿದ, ಪಾಟಿ, ಅಂದರೆ ಅಜ್ಜಿ, ಏನನ್ನೋ ಕೇಳುತ್ತಲೇ ಇದ್ದರು, ತೆಲುಗು ಅಂದುಕೊಂಡೆ, ನೀರು ಕೊಟ್ಟೆ, ಕುಡಿಯಲಿಲ್ಲ. ಅವನು ಹೇಳುತ್ತಿದ್ದಾಗ ನಾನು ಅವನ ಬಾಯ್ಲರಿನ ಮೇಲೆ ಹಚ್ಚಿದ್ದ ವಿಭೂತಿಯ ಪಟ್ಟೆಗಳನ್ನು ನೋಡುತ್ತಿದ್ದೆ. ಮೂರು ಪಟ್ಟೆ, ನಡುವೆ ಕುಂಕುಮ. ಅಳು ಬರಲಿಲ್ಲ. ಆಸ್ಪತ್ರೆಯಲ್ಲೂ ಬರಲಿಲ್ಲ, ಆಮೇಲೂ ಬರಲಿಲ್ಲ.

ನಾನು ಮದುವೆಯಾಗಲಿಲ್ಲ. ವಿಮಾ ಕಚೇರಿಯಲ್ಲಿ ಕೆಲಸ. ಹಗಲು ಅಮ್ಮನನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಇಟ್ಟಿದ್ದೆ. ನಲವತ್ತೈದು ದಾಟಿದವಳು, ಮದರಾಸಿನ ರಾಯಪುರದ ಮೀನುಗಾರರ ಪೈಕಿ, ಕ್ರೈಸ್ತಳು. ಬೆಳಗಿನ ರೈಲು ಹಿಡಿದು ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಬರುತ್ತಿದ್ದಳು. ಅವಳು ಮುಂಬಾಗಿಲಿನಲ್ಲಿ ಚಪ್ಪಲಿ ಬಿಡುವಾಗ ನಾನು ಚಪ್ಪಲಿ ಮೆಟ್ಟುತ್ತಿದ್ದೆ. ಅವಳ ಮಾತೆಲ್ಲ ತಮಿಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಮ್ಮ ಕನ್ನಡದಲ್ಲಿ ಹೇಳಿದ್ದು ಅವಳಿಗೆ ಅರ್ಥವಾಗುತ್ತಿರಲಿಲ್ಲ, ಆದರೂ ಇಬ್ಬರೂ ದಿನವಿಡೀ ಮಾತಾಡುತ್ತಿದ್ದರು.

ಆ ದಿನ ಅಮ್ಮ ಕಾಫಿ ಕುಡಿದು ಮತ್ತೆ ಮಲಗಿದ್ದರು. ಅದು ಅವರ ರೂಢಿ, ಹತ್ತೂವರೆವರೆಗೆ ಯಾರೂ ಎಬ್ಬಿಸುತ್ತಿರಲಿಲ್ಲ. ಅವಳು ಅಡುಗೆ ಮುಗಿಸಿ, ಹಿಂಬಾಗಿಲಿನಿಂದ ಹೋಗಿ ಕಸ ಹಾಕಿ ಬಂದು, ಎಬ್ಬಿಸೋಣವೆಂದು ಕೋಣೆಗೆ ಹೋದರೆ ಹಾಸಿಗೆ ಖಾಲಿ. ಕಸ ಹಾಕಲು ಹೋದ ಆ ನಾಲ್ಕು ನಿಮಿಷದಲ್ಲಿ ತನ್ನ ಹಿಂದೆಯೇ ಪಾಟಿ ಹೊರಟುಹೋಗಿರಬೇಕು ಎಂದು ಅವಳೇ ಹೇಳಿದಳು. ಅಮ್ಮ ಹೋದ ದಿನ ತಾಂಬರದಿಂದ ಬಂದ ಅಣ್ಣ ಕಟ್ಟಡದ ಅರ್ಧ ಜನ ಸೇರಿದ್ದ ಮೆಟ್ಟಿಲಿನ ಹತ್ತಿರ ಅವಳನ್ನು ಬೈದ. "ಒಂದು ಮುದುಕಿಯನ್ನ ಕಾಯೋಕೆ ನಿನಗೆ ಆಗಲಿಲ್ಲ. ನೀನು ಕೊಲೆಗಾತಿ" ಅಂದ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಮೂರನೆಯ ಮಹಡಿಯಲ್ಲಿ ಅವಳಿಗೆ ಭಾನುವಾರಗಳ ಕೆಲಸವಿತ್ತು, ಅವರು ಬೇಡವೆಂದರು. ಬೇರೆ ಯಾರೂ ಕರೆಯಲಿಲ್ಲ.

ಹದಿಮೂರು ದಿನದ ಕರ್ಮಗಳು ಮುಗಿದ ಮಾರನೆಯ ಬೆಳಿಗ್ಗೆ ಹಿಂದಿನ ಗಲ್ಲಿಯಲ್ಲಿ ಹೂ ಮಾರುವವಳು ನನ್ನನ್ನು ನಿಲ್ಲಿಸಿದಳು. ಊರಿಗೆ ಹೋಗಿದ್ದಳಂತೆ, ಸುದ್ದಿ ಈಗ ತಿಳಿಯಿತಂತೆ. "ಅಯ್ಯೋ, ಅವತ್ತು ನಾನು ನೋಡಿದೆನಲ್ಲ ಅಕ್ಕಾ. ಒಂಬತ್ತು ಹೊಡೆದ ಸ್ವಲ್ಪ ಹೊತ್ತಿಗೆ ಪಾಟಿ ಹೀಗೇ ಹೋದರು. ನೀವು ಹಿಂದೆ ಬರ್ತಿದ್ದೀರಿ ಅಂದುಕೊಂಡೆ. ನಾನು ಒಂಬತ್ತೂವರೆ ಬಸ್ಸು ಹತ್ತಿಬಿಟ್ಟೆ."

ಒಂಬತ್ತು ಗಂಟೆಗೆ ಕಸ ಹಾಕಲು ಯಾರೂ ಹೋಗಿರಲಿಲ್ಲ, ಅವಳು ಹೋದದ್ದು ಹತ್ತೂವರೆಯ ಹೊತ್ತಿಗೆ; ಬೋಲ್ಟು ತೆಗೆದೇ ಇದ್ದದ್ದನ್ನು ಗಮನಿಸಿರಲಿಕ್ಕಿಲ್ಲ. ಅದಕ್ಕೆ ಮೊದಲು ಹಿಂಬಾಗಿಲು ತೆಗೆದವಳು ನಾನು. ಒಗೆದ ಸೀರೆ ಹರವಲು ಹೋಗಿದ್ದೆ, ಒಳಗೆ ಫೋನು ಬಡಿದುಕೊಂಡಿತು, ಓಡಿಬಂದೆ. ಫೋನಿನಲ್ಲಿ ಯಾರೋ ಸಾಲ ಬೇಕೇ ಎಂದು ಕೇಳಿದರು. ಬೋಲ್ಟು ಹಾಕಿದ ನೆನಪು ನನ್ನ ಕೈಗಿಲ್ಲ. ಹಾಕಿರಲಿಲ್ಲ.

ಹೂವಿನವಳಿಗೆ ಮಲ್ಲಿಗೆ ಬೇಡವೆಂದು ಹೇಳಿ ಸ್ಟೇಷನ್ನಿಗೆ ನಡೆದೆ. ರೈಲಿನಲ್ಲಿ ಕೂರಲು ಜಾಗ ಸಿಕ್ಕಿತು. ಅಣ್ಣನಿಗೆ ಹೇಳಬೇಕು ಅನ್ನಿಸಿತು, ಸಂಜೆ ಹೇಳೋಣ ಅನ್ನಿಸಿತು. ಸಂಜೆ ಹೇಳಲಿಲ್ಲ. ವಾರ ಕಳೆಯಿತು. ನನ್ನೊಳಗೆ ಏನೋ ಮರಗಟ್ಟಿ ಹೋಗಿತ್ತು; ಚಿವುಟಿದರೆ ಚಿವುಟಿದ್ದು ಕಾಣುತ್ತಿತ್ತು, ನೋಯುತ್ತಿರಲಿಲ್ಲ.

ಜುಲೈಯಲ್ಲಿ ಒಂದು ಭಾನುವಾರ ಅವಳು ಮನೆಗೆ ಬಂದಳು. ತುಂಬ ಇಳಿದುಹೋಗಿದ್ದಳು. ಕುರ್ಚಿಯಲ್ಲಿ ಕೂರು ಎಂದರೂ ಕೂರಲಿಲ್ಲ, ಅಮ್ಮನ ಫೋಟೋದ ಕೆಳಗೆ ನೆಲದ ಮೇಲೆ ಕೂತಳು.

"ಅಕ್ಕಾ, ಫಾದರ್ ಹತ್ರ ಪಾಪನಿವೇದನೆ ಮಾಡಿದೆ. ಎಲ್ಲ ಹೇಳಿದೆ. ಪಾಟಿ ನನ್ನ ಕೈಯಿಂದ ಹೋದರು ಅಂತ. ನಿಜವಾಗಿ ಮನಸ್ಸು ನೊಂದು ಹೇಳಿದ್ದೀಯ, ಕರ್ತರು ನಿನ್ನನ್ನ ಮನ್ನಿಸಿದ್ದಾರೆ ಅಂದರು. ಜಪಮಾಲೆ ಮಾಡು ಅಂದರು. ಮಾಡಿದೆ. ನಲವತ್ತು ದಿನ ಮೀನು ಮುಟ್ಟಲ್ಲ ಅಂತ ನಾನೇ ಇಟ್ಟುಕೊಂಡೆ. ಆದರೂ ನಿಮ್ಮ ಮುಖ ಕಣ್ಣ ಮುಂದೆ ಬರ್ತದೆ. ನೀವೂ ಒಂದು ಮಾತು ಹೇಳಿಬಿಡಿ."

ಹೇಳಬೇಕಾಗಿದ್ದ ಮಾತು ಒಂದೇ ಇತ್ತು. ನಾನು ಎದ್ದು ಹೋಗಿ ಅವಳ ತಲೆಯ ಮೇಲೆ ಕೈಯಿಟ್ಟೆ. "ನಾನು ಮನ್ನಿಸಿದ್ದೇನೆ, ಹೋಗು" ಅಂದೆ. ಅವಳು ನನ್ನ ಕೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಅತ್ತಳು. ಕಾಫಿ ಮಾಡಿಕೊಟ್ಟೆ. ಅವಳು ಲೋಟ ತೊಳೆದಿಟ್ಟು ಹೋದಳು.

ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವಳು ಕೋಲಾರದ ಕಡೆಯ ಮುಸಲ್ಮಾನ ಹೆಂಗಸು. ಇಪ್ಪತ್ತು ವರ್ಷಗಳಿಂದ ಒಟ್ಟಿಗೆ ಊಟ ಮಾಡಿದ್ದೇವೆ. ಕಚೇರಿಯಲ್ಲಿ ನಾನು ಕನ್ನಡ ಆಡುವುದು ಅವಳೊಬ್ಬಳ ಜೊತೆ. ನವೆಂಬರಿನಲ್ಲಿ ಅವಳು ಗಂಡನ ಜೊತೆ ಉಮ್ರಾ ಯಾತ್ರೆಗೆ ಮೆಕ್ಕಾಕ್ಕೆ ಹೊರಟಳು. ಹೊರಡುವ ಹಿಂದಿನ ದಿನ ಮೇಜಿನಿಂದ ಮೇಜಿಗೆ ಹೋಗಿ, ಮ್ಯಾನೇಜರಿನಿಂದ ಹಿಡಿದು ಗುಡಿಸುವವಳವರೆಗೆ ಎಲ್ಲರನ್ನೂ ಕೇಳಿಕೊಂಡಳು, ಏನಾದರೂ ತಪ್ಪು ಮಾಡಿದ್ದರೆ ಮಾಫ್ ಮಾಡಿ ಎಂದು. ನನ್ನ ಹತ್ತಿರ ಊಟದ ಹೊತ್ತಿಗೆ ಬಂದಳು.

"ನೀನೂ ಹೇಳಮ್ಮಾ. ಇಪ್ಪತ್ತು ವರ್ಷದಲ್ಲಿ ನಿನ್ನ ಬೆನ್ನ ಹಿಂದೆ ಏನಾದ್ರೂ ಆಡ್ಕೊಂಡಿದ್ರೆ ಮಾಫ್ ಮಾಡ್ಬಿಡು."

"ಆಡ್ಕೊಂಡಿದ್ದೀಯಾ?"

"ಇದೀನಿ. ಒಂದ್ಸಲ ಅಲ್ಲ" ಎಂದು ನಕ್ಕಳು.

"ದೇವರನ್ನ ಕೇಳೋಕೇ ಹೋಗ್ತಿದ್ದೀಯಲ್ಲ, ನಮ್ಮನ್ನ ಯಾಕೆ ಕೇಳ್ತೀಯ?"

ಅವಳು ಡಬ್ಬಿ ಮುಚ್ಚಿಟ್ಟಳು. "ನಮಾಜ್ ಬಿಟ್ಟಿದ್ರೆ, ರೋಜಾ ಉಪವಾಸ ಬಿಟ್ಟಿದ್ರೆ ಅದು ನನಗೂ ಅಲ್ಲಾಹನಿಗೂ ಇರೋದು. ಕೇಳ್ಕೊಂಡ್ರೆ ಮಾಫ್ ಮಾಡ್ತಾನೆ, ಅವನು ದೊಡ್ಡೋನು. ಆದ್ರೆ ನಿನಗೆ ಮಾಡಿರೋ ಅನ್ಯಾಯ ಇದೆ ನೋಡು, ಅದು ನಿನ್ನ ಹಕ್ಕು. ನೀನು ಬಿಟ್ಟುಕೊಡದೆ ಅವನು ಬಿಡಲ್ಲ."

"ಕೇಳದೇ ಸತ್ತುಹೋದ್ರೆ?"

"ಲೆಕ್ಕದ ದಿನ ನನ್ನ ಪುಣ್ಯ ಎತ್ತಿ ನಿನಗೆ ಕೊಡ್ತಾನೆ. ನನ್ನದು ಮುಗಿದ್ರೆ ನಿನ್ನ ಪಾಪ ತಂದು ನನ್ನ ತಲೆಗೆ ಹಾಕ್ತಾನೆ. ಅದಕ್ಕೇ ಇಲ್ಲೇ ಮುಗಿಸ್ಕೊಳ್ಳೋದು ಒಳ್ಳೇದು ಅಂತ ನಮ್ಮ ಅಬ್ಬಾ ಹೇಳೋರು."

ಮೊಸರನ್ನ ಕಲಸುತ್ತಲೇ ನಾನು ಹೇಳಿಬಿಟ್ಟೆ. ಸೀರೆ, ಫೋನು, ಹೂವಿನವಳು, ರಾಯಪುರದವಳ ತಲೆಯ ಮೇಲೆ ಇಟ್ಟ ಕೈ. ಬೇರೆಯವರ ಫೈಲು ಓದಿದ ಹಾಗಿತ್ತು ನನ್ನ ದನಿ. ಪಾಪ, ಏನು ಮಾಡೋಕಾಗುತ್ತೆ, ಅಂತ ಅವಳು ಅನ್ನಲಿಲ್ಲ.

"ಬಾಗಿಲು ಮರೆತದ್ದು ಮರೆವು. ಮರೆವನ್ನ ಅಲ್ಲಾಹ್ ಪಾಪ ಅಂತ ಹಿಡಿಯಲ್ಲ" ಅಂದಳು ಕೊನೆಗೆ. "ಆದ್ರೆ ಆಮೇಲೆ ಸುಮ್ಮನಿದ್ದೆಯಲ್ಲ, ಅದು ಮರೆವಲ್ಲ. ಅವಳ ಮನೆಗೆ ಹೋಗು. ತೌಬಾ, ಪಶ್ಚಾತ್ತಾಪ, ಅಂದ್ರೆ ಬರೀ ಬಾಯಲ್ಲಿ ಅನ್ನೋದಲ್ಲಮ್ಮಾ, ಏನು ಕಿತ್ಕೊಂಡಿದ್ದೀಯೋ ಅದನ್ನ ವಾಪಸ್ ಕೊಡಬೇಕು." ಡಬ್ಬಿ ಎತ್ತಿಕೊಂಡು ಕೇಳಿದಳು, "ನನ್ನನ್ನ ಮಾಫ್ ಮಾಡಿದ್ದೀಯೋ ಇಲ್ವೋ ಹೇಳಲೇ ಇಲ್ಲ ನೀನು."

"ಮಾಡಿದ್ದೀನಿ" ಅಂದೆ.

ಮುಂದಿನ ಭಾನುವಾರ ರಾಯಪುರಕ್ಕೆ ಹೋದೆ. ಸಮುದ್ರದ ಕಡೆಯ ಕೊಳೆಗೇರಿ ಮಂಡಳಿ ಕಟ್ಟಿಸಿಕೊಟ್ಟ ಮನೆಗಳ ಎರಡನೆಯ ಮಹಡಿ. ಪೂಜೆ ಮುಗಿಸಿ ಚರ್ಚಿನಿಂದ ಬಂದವಳು ಅದೇ ಸೀರೆಯಲ್ಲಿ ಬಾಗಿಲಲ್ಲಿ ಕೂತು ಮೀನಿನ ಪೊರೆ ತೆಗೆಯುತ್ತಿದ್ದಳು. ನನ್ನನ್ನು ಕಂಡು ಗಡಬಡಿಸಿ ಎದ್ದಳು, ಬ್ರಾಹ್ಮಣರ ಮನೆಯವರು ಬಂದರಲ್ಲ ಎಂದು ತಟ್ಟೆ ಮುಚ್ಚಲು ಹೋದಳು. ಬೇಡ, ಕೂರು ಎಂದು ನಾನೂ ಹೊಸ್ತಿಲ ಮೇಲೆ ಕೂತೆ. ಅವಳ ಗಂಡ ಬಂದರಿಗೆ ಕೆಲಸಕ್ಕೆ ಹೋಗಿದ್ದ. ನಾನು ಹೇಳಿದೆ. ಸುತ್ತುಬಳಸಲಿಲ್ಲ, ಅದಕ್ಕೂ ಶಕ್ತಿ ಬೇಕಲ್ಲ.

ಅವಳ ಕತ್ತಿ ನಿಂತಿತು.

"ನಿಮಗೆ ಯಾವಾಗ ಗೊತ್ತಾಯ್ತು ಅಕ್ಕಾ?"

"ಹದಿನಾಲ್ಕನೇ ದಿನ."

"ನಾನು ನಿಮ್ಮ ಮನೆಗೆ ಬಂದಿದ್ದೆನಲ್ಲ. ಆಗ?"

"ಆಗಲೂ ಗೊತ್ತಿತ್ತು."

ಅವಳು ನನ್ನನ್ನು ನೋಡಲಿಲ್ಲ. ಮೀನನ್ನು ತಿರುಗಿಸಿ ಇನ್ನೊಂದು ಮೈಯ ಪೊರೆ ತೆಗೆದಳು. ಅದು ಮುಗಿದ ಮೇಲೆ ಮಾತಾಡಿದಳು.

"ಬಾಗಿಲು ಬಿಟ್ಟದ್ದಕ್ಕೆ ನನಗೆ ಕೋಪ ಇಲ್ಲ. ಬಾಗಿಲು ಯಾರು ಬೇಕಾದರೂ ಮರೀತಾರೆ, ನಾನೂ ಮರೆತಿರಬಹುದಿತ್ತು. ನನ್ನ ತಲೆ ಮೇಲೆ ಕೈ ಇಟ್ಟು ಮನ್ನಿಸಿದೀನಿ ಅಂದಿರಲ್ಲ, ಅದು ಹೇಗೆ ಅಕ್ಕಾ ಬಂತು ನಿಮಗೆ? ನಾನು ನಿಮ್ಮ ಕೈ ಕಣ್ಣಿಗೆ ಒತ್ತಿಕೊಂಡೆ. ಮಾಡದ ಪಾಪವನ್ನ ಫಾದರ್ ಹತ್ರ ಮಂಡಿಯೂರಿ ಹೇಳಿದೆ."

"ನನ್ನನ್ನ ಮನ್ನಿಸು" ಅಂದೆ. ತಮಿಳಿನಲ್ಲಿ ಆ ಮಾತು ನನ್ನ ಬಾಯಲ್ಲಿ ಕಚೇರಿಯ ಪತ್ರದ ಹಾಗೆ ಕೇಳಿಸಿತು.

"ಬೇರೆಯವರನ್ನ ನಾವು ಮನ್ನಿಸ್ತೀವಿ, ಹಾಗೇ ನಮ್ಮನ್ನೂ ಮನ್ನಿಸು ಅಂತ ದಿನಾ ಕೇಳ್ಕೋತೀನಿ. ಇವತ್ತು ಬೆಳಿಗ್ಗೆನೂ ಕೇಳ್ಕೊಂಡೆ. ಆದರೆ ಈಗ ನನ್ನ ಬಾಯಿಗೆ ಬರ್ತಿಲ್ಲ. ಬರದಿದ್ದದ್ದನ್ನ ಹೇಳಲ್ಲ. ನಿಮ್ಮ ಹಾಗೆ ಹೇಳಲ್ಲ." ಕೈ ತೊಳೆದುಕೊಂಡಳು. "ಮೊದಲು ನಿಮ್ಮ ಅಣ್ಣನಿಗೆ ಹೇಳಿ. ಅವತ್ತು ಮೆಟ್ಟಿಲ ಹತ್ರ ಎಷ್ಟು ಜನ ಇದ್ದರೋ ಅಷ್ಟೂ ಜನಕ್ಕೆ ಹೇಳಿ. ಮನ್ನಿಸೋದನ್ನ ನಾನೂ ಕರ್ತರೂ ನೋಡಿಕೊಳ್ತೀವಿ."

ಅಣ್ಣನಿಗೆ ಸ್ಟೇಷನ್ನಿನಿಂದಲೇ ಫೋನು ಮಾಡಿದೆ. ಅವನು ಎಲ್ಲ ಕೇಳಿಸಿಕೊಂಡ. ಆಮೇಲೆ, "ಹೋಗ್ಲಿ ಬಿಡೇ. ಅಮ್ಮನ ಆಯಸ್ಸು ಅಷ್ಟೇ ಇತ್ತು. ಪ್ರಾರಬ್ಧ. ನೆಪ ಏನಾದ್ರೇನು" ಅಂದ.

"ಅವಳು ಬಿಟ್ಟಿದ್ರೆ ಕೊಲೆ, ನಾನು ಬಿಟ್ರೆ ಪ್ರಾರಬ್ಧವಾ?"

"ಈಗ ಅದನ್ನೆಲ್ಲ ಕೆದಕಿ ಏನು ಬಂತು? ನಾಲ್ಕು ಜನರ ಮುಂದೆ ಹೇಳೋಕೆ ಹೋಗ್ಬೇಡ." ಅವನು ಕೆಟ್ಟವನಲ್ಲ. ನನ್ನನ್ನು ಸಮಾಧಾನ ಮಾಡಬೇಕೆಂದೇ ಹೇಳಿದ.

ನಾನು ನಾಲ್ಕು ಜನರ ಮುಂದೆ ಹೇಳಿದೆ. ಕಟ್ಟಡದಲ್ಲಿ ಹದಿನಾರು ಮನೆ. ಎರಡು ಸಂಜೆ ಒಂದೊಂದೇ ಬಾಗಿಲು ತಟ್ಟಿದೆ. ಕೆಲವರು ಒಳಗೆ ಕರೆದರು, ಕೆಲವರು ಬಾಗಿಲಲ್ಲೇ ಕೇಳಿಸಿಕೊಂಡರು. ಒಬ್ಬರು, ಪಾಪ, ದುಃಖದಲ್ಲಿ ನಿಮಗೆ ಹೀಗೆಲ್ಲ ಅನ್ನಿಸುತ್ತಿದೆ, ಡಾಕ್ಟರನ್ನು ನೋಡಿ ಅಂದರು. ಮೂರನೆಯ ಮಹಡಿಯವರು ತಮ್ಮ ಮಾವನನ್ನು ನೋಡಿಕೊಳ್ಳಲು ಜನ ಸಿಗದೆ ಒದ್ದಾಡುತ್ತಿದ್ದರು. ಅವಳ ನಂಬರ್ ಇನ್ನೂ ಅದೇನಾ ಎಂದು ಕೇಳಿದರು. ನನ್ನ ಬಗ್ಗೆ ಏನೂ ಅನ್ನಲಿಲ್ಲ. ಆಮೇಲೆ ಕೆಲವು ತಿಂಗಳು ಗೇಟಿನ ಹತ್ತಿರ ಜನ ನನ್ನ ಜೊತೆ ಆಡುವ ಮಾತು ಕಡಿಮೆಯಾಯಿತು, ಅದು ನನಗೆ ಸರಿಯೆನಿಸಿತು.

ಯಾತ್ರೆಯಿಂದ ಬಂದ ಗೆಳತಿ ಖರ್ಜೂರ ತಂದುಕೊಟ್ಟು ಕೇಳಿದಳು, "ಮಾಫ್ ಮಾಡಿದಳಾ?"

"ಇನ್ನೂ ಇಲ್ಲ."

"ಕಾಯ್ತಾ ಇರು. ಒತ್ತಾಯ ಮಾಡಬೇಡ. ಅದು ಅವಳದ್ದು."

ಈಸ್ಟರಿಗೆ ಮುಂಚಿನ ಗುರುವಾರ, ಮಧ್ಯಾಹ್ನ ಮೂರರ ಸುಮಾರಿಗೆ ಕಚೇರಿಯಲ್ಲಿದ್ದಾಗ ರಾಯಪುರದವಳ ಫೋನು ಬಂತು. ಹಿಂದೆ ಬಸ್ಸಿನ ಸದ್ದು.

"ಅಕ್ಕಾ, ನಾಳೆ ಶುಭ ಶುಕ್ರವಾರ. ನಿಮ್ಮ ಮೇಲೆ ಇದನ್ನ ಇಟ್ಟುಕೊಂಡು ಹೋಗಿ ಶಿಲುಬೆ ಮುಂದೆ ನಿಲ್ಲೋಕೆ ಆಗ್ತಿಲ್ಲ. ಮನ್ನಿಸಿಬಿಟ್ಟೆ. ಮನಸ್ಸು ಪೂರ್ತಿ ಬಂದಿಲ್ಲ. ಬರ್ತದೆ, ಮೊದಲು ಬಾಯಲ್ಲಿ ಹೇಳು, ಮನಸ್ಸು ಹಿಂದೆ ಬರ್ತದೆ ಅಂತಾರೆ ಫಾದರ್."

"ಸರಿ" ಅಂದೆ. ಅವಳು ಫೋನು ಇಟ್ಟಳು.

ಪಕ್ಕದ ಮೇಜಿನವಳು ನನ್ನ ಮುಖ ನೋಡಿ, "ಹಗುರ ಆಯ್ತಾ?" ಎಂದು ಕೇಳಿದಳು. ಏನೂ ಆಗಿಲ್ಲ ಅಂದೆ. ಆಗಿರಲಿಲ್ಲ. "ಆಗದಿದ್ರೂ ಮಾಫ್ ಮಾಫೇ" ಅಂದಳು. ಅಮ್ಮನ ಹತ್ತಿರ ಕ್ಷಮೆ ಕೇಳುವುದು ಹೇಗೆ ಎಂದೆ. ಅವಳು ಪೆನ್ನು ಕೆಳಗಿಟ್ಟಳು. "ಅವರ ಹೆಸರಲ್ಲಿ ಏನಾದ್ರೂ ಒಳ್ಳೇದು ಮಾಡ್ತಾ ಇರು. ದುವಾ ಮಾಡು, ಅವರಿಗೋಸ್ಕರ ಬೇಡ್ಕೊ. ಅಲ್ಲಿ ಸಿಕ್ಕಾಗ ಕೇಳ್ಕೊ." ನನ್ನ ಮುಂದೆ ಒಂದು ಅಪಘಾತದ ಕ್ಲೇಮು ಇತ್ತು, ಸಂಜೆಯೊಳಗೆ ಮುಗಿಸಬೇಕಿತ್ತು. ಮುಗಿಸಿದೆ.

ರಾಯಪುರದವಳೀಗ ಮೂರನೆಯ ಮಹಡಿಯ ಮುದುಕರನ್ನು ನೋಡಿಕೊಳ್ಳುತ್ತಾಳೆ. ಬೆಳಿಗ್ಗೆ ನಾನು ಹೊರಡುವಾಗ ಅವಳು ಮೆಟ್ಟಿಲು ಹತ್ತುತ್ತಿರುತ್ತಾಳೆ. "ತಿಂಡಿ ಆಯ್ತಾ ಅಕ್ಕಾ?" ಅನ್ನುತ್ತಾಳೆ. ಆಯ್ತು ಅನ್ನುತ್ತೇನೆ. ಕೆಲವು ದಿನ ಆಗಿರುವುದಿಲ್ಲ, ಆಗ ಆಗಿಲ್ಲವೆಂದೇ ಹೇಳುತ್ತೇನೆ. ಅವಳು ಒಂದು ಕ್ಷಣ ನಿಂತು, ಏನಾದರೂ ತಿನ್ನಿ ಎಂದು ಹೇಳಿ ಮೇಲೆ ಹೋಗುತ್ತಾಳೆ.