ಮುನಿಶಾಮಮ್ಮ ಮುಟ್ಟದೆ ಬಿಟ್ಟ ಕಡ್ಡಿ

ಹುಣಸಮಾರನಹಳ್ಳಿಯ ಮುನಿಶಾಮಮ್ಮ ನಮ್ಮ ಕೃಷಿ ಕೇಂದ್ರಕ್ಕೆ ಕಳೆ ಕೀಳಲು ಬಂದವಳು. ಏಳನೆಯ ತರಗತಿ ಓದಿದ್ದಳು, ಅಂಕಿಗಳನ್ನು ದುಂಡಗೆ ಬರೆಯುತ್ತಿದ್ದಳು. ೨೦೦೮ರಲ್ಲಿ ಹವಾಮಾನ ನೋಡುತ್ತಿದ್ದ ಫಕೀರಪ್ಪ ನಿವೃತ್ತನಾದಾಗ, ಅಲ್ಲಿ ವಿಜ್ಞಾನಿಯಾಗಿದ್ದ ನಾನು ಆ ಕೆಲಸವನ್ನು ಆಕೆಗೆ ಕೊಡಿಸಿದೆ. ಕನಿಕರದಿಂದಲ್ಲ. ಹೊಲದಲ್ಲಿ ಆಕೆ ಒಂದು ಸಾಲು ತಪ್ಪಿದ್ದನ್ನೂ ನಾನು ನೋಡಿರಲಿಲ್ಲ.

ಬೆಳಗ್ಗೆ ಏಳೂವರೆಗೆ, ನಾಲ್ಕು ಕಾಲಿನ ಮೇಲೆ ನಿಂತ ಬಿಳಿ ಮರದ ಗೂಡಿನ ಬಾಗಿಲು ತೆರೆಯಬೇಕು. ಅದರಲ್ಲಿ ಅಡ್ಡಲಾಗಿ ಮಲಗಿಸಿದ ಕನಿಷ್ಠ ತಾಪಮಾಪಕದ ಗಾಜಿನೊಳಗೆ ಒಂದು ಸಣ್ಣ ಕಪ್ಪು ಕಡ್ಡಿ ಇರುತ್ತದೆ. ಚಳಿಗೆ ಕುಗ್ಗುವ ದ್ರವ ಅದನ್ನು ತನ್ನ ಜೊತೆ ಎಳೆದೊಯ್ಯುತ್ತದೆ. ಬಿಸಿಲೇರಿ ದ್ರವ ಹಿಂದಿರುಗಿದರೂ ಕಡ್ಡಿ ಅಲ್ಲೇ ಉಳಿಯುತ್ತದೆ. ಅಂಕಿ ಬರೆದುಕೊಂಡ ಮೇಲೆ ಮಾಪಕವನ್ನು ಓರೆ ಮಾಡಿ ಕಡ್ಡಿಯನ್ನು ದ್ರವದ ತುದಿಗೆ ತರಬೇಕು. ತರದಿದ್ದರೆ, ಇನ್ನೂ ಹೆಚ್ಚು ಚಳಿ ಬಿದ್ದ ಹೊರತು, ಮರುದಿನದ ಅಂಕಿ ಸಿಗುವುದಿಲ್ಲ. ಮುನಿಶಾಮಮ್ಮ ಕುಳ್ಳಿ, ಕಲ್ಲಿನ ಮೇಲೆ ನಿಂತು, ಉಸಿರು ತಾಗದಂತೆ ಬಾಯಿಗೆ ಸೆರಗು ಅಡ್ಡ ಹಿಡಿದು ಓದುತ್ತಿದ್ದಳು. ಹನ್ನೊಂದು ವರ್ಷ ದಾಖಲೆ ಪುಸ್ತಕದಲ್ಲಿ ಒಂದು ದಿನದ ಮನೆಯನ್ನೂ ಖಾಲಿ ಬಿಡಲಿಲ್ಲ. ಮಗಳ ಧಾರೆಯ ದಿನವೂ ಬಂದು ಓದಿಹೋದಳು.

ನಿವೃತ್ತಳಾದ ಮೇಲೂ ನಾನು ಕೇಂದ್ರದ ಗ್ರಂಥಾಲಯಕ್ಕೆ ಹೋಗಿ ಕೆನಡಾದ ತಾಪಮಾನ ದಾಖಲೆಗಳ ಬಗ್ಗೆ ಬರೆಯುತ್ತಿದ್ದೆ. ಆಗಿನ ಲೆಕ್ಕದಲ್ಲಿ ಆ ದೇಶದ ಅತಿ ಹೆಚ್ಚು ನಲವತ್ತೈದು ಡಿಗ್ರಿ, ೧೯೩೭ರದ್ದು. ಅತಿ ಕಡಿಮೆ ಸೊನ್ನೆಗಿಂತ ಅರವತ್ತಮೂರು ಕೆಳಗೆ, ೧೯೪೭ರದ್ದು. ಒಂದೇ ದೇಶದಲ್ಲಿ ನೂರೆಂಟು ಡಿಗ್ರಿಯ ಅಂತರ. ಕೇಳಿದವರೆಲ್ಲ ಅಯ್ಯಪ್ಪಾ ಎನ್ನುತ್ತಿದ್ದರು. ಮುನಿಶಾಮಮ್ಮ ಮಾತ್ರ, "ಅದ್ನ ನೋಡ್ದೋರು ಯಾರು ಮೇಡಮ್ಮೋರೆ?" ಎಂದಳು.

ಹೇಳಿದೆ. ಸ್ನ್ಯಾಗ್ ಎಂಬ ಸಣ್ಣ ವಿಮಾನತಾಣ. ದ್ರವ ಮಾಪಕದ ಕೊನೆಯ ಗೆರೆಯನ್ನೂ ದಾಟಿ ಇಳಿದಿತ್ತು. ಅಲ್ಲಿದ್ದವರು ಅಂದಾಜು ಬರೆದು ಸುಮ್ಮನಾಗಲಿಲ್ಲ. ಅದು ನಿಂತ ಜಾಗಕ್ಕೆ ಸರಿಯಾಗಿ ಗಾಜಿನ ಮೇಲೆ ಅರದಿಂದ ಗೀರಿ, ಮಾಪಕವನ್ನೇ ಪರೀಕ್ಷೆಗೆ ಕಳಿಸಿದರು.

"ಸರ್‍ಯಾಗ್ ಮಾಡವ್ರೆ," ಎಂದು ಎದ್ದುಹೋದಳು.

೨೦೧೯ರ ಜನವರಿಯ ಒಂದು ಮಂಗಳವಾರ ಕಡ್ಡಿ ಎಂಟು ಪಾಯಿಂಟ್ ಒಂದರಲ್ಲಿ ನಿಂತಿತ್ತು. ನಮ್ಮ ಕೇಂದ್ರದ ಪುಸ್ತಕಗಳಲ್ಲಿ ಅಷ್ಟು ಕಡಿಮೆ ಎಂದೂ ಬಂದಿರಲಿಲ್ಲ. ಆಕೆ ಎರಡು ಸಲ ಓದಿ, ಕಡ್ಡಿ ಮುಟ್ಟದೆ ಬಾಗಿಲು ಹಾಕಿ, ಕಚೇರಿ ತೆರೆದ ಕೂಡಲೇ ಮೇಲಿನ ಅಧಿಕಾರಿ ಸುಬ್ರಮಣಿಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.

"ಏನಮ್ಮಾ, ಕನ್ನಡಕ ಹಾಕ್ಕೊಂಡಿದ್ರಾ? ಪಕ್ಕದ ಕೇಂದ್ರದಲ್ಲೇ ಹನ್ನೊಂದು ಬಂದಿದೆ."

"ಆಕ್ಕಂಡಿದ್ದೆ ಸಾ. ನಮ್ದು ಕೆರೆ ತಗ್ಗು. ಚಳಿ ಇಲ್ಲೇ ಬಂದು ಮಡುಗಟ್ತದೆ."

"ಅದೆಲ್ಲ ಬೇಡ. ಹತ್ತು ಪಾಯಿಂಟ್ ಒಂದಿರುತ್ತೆ, ತಪ್ಪು ಓದಿದ್ದೀರ. ಹಂಗೇ ಬರೆದು ಕಳ್ಸಿ."

"ನೀವೇ ಬಂದ್ ನೋಡಿ ಸಾ."

"ನಾಳೆ ಮಧ್ಯಾಹ್ನದವರೆಗೂ ಆಗಲ್ಲಮ್ಮ."

"ಅಲ್ಲೀಗಂಟ ಕಡ್ಡಿ ಮುಟ್ಟಾಕಿಲ್ಲ."

ಬಾಗಿಲಲ್ಲಿ ನಿಂತಿದ್ದ ಕಾವಲುಗಾರ ನಜೀರ್ ನಕ್ಕ. "ಅಕ್ಕಾ, ಬಿಟ್ರೆ ಯಲಹಂಕಕ್ಕೇ ಮಂಜುಗಡ್ಡೆ ತರ್ತೀಯ ನೀನು!"

"ತಂದ್ರೆ ಮೊದ್ಲು ನಿನ್ ಬಾಯಿಗೇ ತುರುಕ್ತೀನಿ, ಓಗು."

ನಾನು ಆಕೆಗೆ ಗೊತ್ತಿದ್ದುದನ್ನೇ ಹೇಳಿದೆ. ಬೇರೆ ಕನಿಷ್ಠ ಮಾಪಕವಿಲ್ಲ, ಇದ್ದ ಇನ್ನೊಂದು ಒಡೆದು ಎರಡು ವರ್ಷವಾಗಿದೆ. ಕಡ್ಡಿ ಮುಟ್ಟದಿದ್ದರೆ ನಾಳಿನ ಅಂಕಿ ಹೋಗುತ್ತದೆ. ಹನ್ನೊಂದು ವರ್ಷದಲ್ಲಿ ಮೊದಲ ಖಾಲಿ ಮನೆ. ಮುಟ್ಟಿದರೆ ಇಂದಿನದಕ್ಕೆ ಸಾಕ್ಷಿಯಿಲ್ಲ.

ಆಕೆ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಹಾಳೆಗಳನ್ನು ತಿರುವಿದಳು. "ಸುಳ್ ಬರ್ದು ತುಂಬ್ಸಿದ್ ಪುಸ್ತ್ಕ ಇದ್ರೆಷ್ಟು ಬಿಟ್ರೆಷ್ಟು," ಎಂದು ಗೂಡಿಗೆ ಬೀಗ ಹಾಕಿ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿದಳು.

ಬುಧವಾರದ ಬೆಳಗ್ಗೆ ಮೋಡ ಕವಿದು ಚಳಿ ತಗ್ಗಿತ್ತು. ಏಳೂವರೆಗೆ ಬಂದು ನೋಡಿದಳು. ಕಡ್ಡಿ ಇದ್ದಲ್ಲೇ ಇತ್ತು. ಕನಿಷ್ಠದ ಮನೆಯಲ್ಲಿ ಏನೂ ಬರೆಯಲಿಲ್ಲ.

ಸುಬ್ರಮಣಿ ಮಧ್ಯಾಹ್ನ ಎರಡಕ್ಕೆ, ಊಟ ತಪ್ಪಿದ ಮುಖ ಹೊತ್ತು ಬಂದರು. ಗೂಡಿನ ಪಕ್ಕದಿಂದಲೇ ಇಣುಕಿದರು.

"ಓರೆಯಾಗ್ ನೋಡಿದ್ರೆ ತಪ್ ಕಾಣ್ತದೆ ಸಾ. ಕಡ್ಡಿ ಎದ್ರಿಗ್ ಬನ್ನಿ. ಬಾಯಿಗ್ ಕರ್ಚೀಪ್ ಇಡ್ಕೊಳಿ."

ಅವರು ಎದುರಿಗೆ ಬಂದರು, ಬಗ್ಗಿದರು, ಕರ್ಚೀಫನ್ನೂ ಹಿಡಿದರು. ಭೂತಗನ್ನಡಿಯಿಂದ ದ್ರವ ಎಲ್ಲಾದರೂ ತುಂಡಾಗಿದೆಯೇ ಎಂದು ಹುಡುಕಿದರು. ದ್ರವದ ತುದಿ ತೋರಿಸುತ್ತಿದ್ದ ಆಗಿನ ಬಿಸಿಯನ್ನು ಪಕ್ಕದ ಸಾಮಾನ್ಯ ಮಾಪಕದೊಂದಿಗೆ ಹೋಲಿಸಿದರು. ಎರಡೂ ಒಂದೇ ಆಗಿದ್ದವು.

"ಎಂಟು ಪಾಯಿಂಟ್ ಒಂದು," ಎಂದು ಆಕೆಯ ಅಂಕಿಯ ಕೆಳಗೆ ರುಜು ಹಾಕಿದರು. ಕ್ಷಮೆ ಕೇಳಲಿಲ್ಲ; ಆಕೆ ಕಾಯಲೂ ಇಲ್ಲ. ಆಮೇಲೆ ದನಿ ತಗ್ಗಿಸಿ, "ಇವತ್ತಿನದಕ್ಕೆ ಹದಿಮೂರು ಅಂತ ಹಾಕ್ಬಿಡಿ. ಸುತ್ತಲ ಕೇಂದ್ರಗಳ ಸರಾಸರಿ ಅಷ್ಟೇ ಇದೆ. ಯಾಕಮ್ಮಾ ಸುಮ್ನೆ ಖಾಲಿ ಬಿಡ್ತೀರ?" ಎಂದರು.

"ನೋಡ್ದೇ ಇದ್ದುದ್ನ ಎಂಗ್ ಬರೀಲಿ ಸಾ?"

ಮುನಿಶಾಮಮ್ಮ ಸ್ಕೇಲು ಇಟ್ಟು ಬುಧವಾರದ ಮನೆಗೆ ಅಡ್ಡಗೆರೆ ಎಳೆದಳು. ಕಲ್ಲು ಹತ್ತಿ, ಮಾಪಕವನ್ನು ಓರೆ ಮಾಡಿ, ಕಡ್ಡಿ ಜಾರಿ ದ್ರವದ ತುದಿ ಮುಟ್ಟುವವರೆಗೆ ಹಿಡಿದುಕೊಂಡಿದ್ದು, ಗುರುವಾರಕ್ಕೆ ಬಾಗಿಲು ಹಾಕಿದಳು.