ಕಾಳಿಯ ಹಸಿವು

…ಅಥವಾ ಕಾಳಿ ಸೊರಗಿದ್ದನ್ನು ಮೊದಲು ನೋಡಿದ್ದು ನಾನಲ್ಲವೇನೋ. ನಾನೇ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ: ಕಾಳಿಯ ಬೆನ್ನ ಮೇಲೆ ಕೈಯಾಡಿಸಿದೆ, ಮೂಳೆ ಸಿಕ್ಕಿತು, ಎದೆ ಧಸಕ್ಕೆಂದಿತು. ಹೇಳಿ ಹೇಳಿ ಈ ಕತೆಗೆ ಎಷ್ಟು ಹೊಳಪು ಬಂದಿದೆಯೆಂದರೆ ಈಗ ನನಗೇ ಅದರ ಮೇಲೆ ಅನುಮಾನ. ಕುಕ್ಕರಿನಲ್ಲಿ ಅವಳಿಗೆಂದು ಬಂಗುಡೆ ಮೀನು ಬೇಯುತ್ತಿದೆ. ಉಪ್ಪು ಖಾರ ಕಾಣದ ಆ ಸಪ್ಪೆ ವಾಸನೆಗೆ ನೆನಪಾಗುವುದೇ ಬೇರೆ: ಮಗಳು ಪೂಜಾ ಮೊಬೈಲಿನಿಂದ ತಲೆಯೆತ್ತದೆ, "ಮಮ್ಮಿ, ಕಾಳಿ ಕಿತ್ನೀ ಪತ್ಲೀ ಹೋ ಗಯೀ, ಎಷ್ಟು ಸಪೂರ, ನೋಡು ನೀನು" ಎಂದದ್ದು. ಅದು ಗಣಪತಿ ಹಬ್ಬದಲ್ಲೋ ದೀಪಾವಳಿಯಲ್ಲೋ, ನನ್ನನ್ನು ಕೇಳಬೇಡಿ.

ಕಾಳಿ ಮುಂಬಯಿಯ ನಮ್ಮ ಆಂಟಾಪ್ ಹಿಲ್ ಮನೆಯ ಮುದಿ ಬೆಕ್ಕು. ಅವಳ ಊಟದ ಉಸ್ತುವಾರಿ ಜೊತೆಗೇ ಇರುವ ನನ್ನ ಚಿಕ್ಕಪ್ಪನದು. ಅವರು ಫೋರ್ಟಿನ ಉಡುಪಿ ಹೋಟೆಲೊಂದರ ಕಿಚನ್ ನೋಡಿಕೊಳ್ಳುತ್ತಿದ್ದವರು. ಅಲ್ಲಿ ಗಿರಾಕಿಗಳ ಭರಾಟೆ ಇಳಿದ ಮೇಲೆ ಕೆಲಸದವರು ಊಟಕ್ಕೆ ಕುಳಿತರೆ ಚಿಕ್ಕಪ್ಪ ತಾವೇ ಬಡಿಸುತ್ತಾ ಒಂದೊಂದು ತಟ್ಟೆ ನೋಡುತ್ತಿದ್ದರು. ಅನ್ನ ಬಿಟ್ಟವನನ್ನು "ಎಂತ ಆಯಿತು, ಜ್ವರವಾ? ಊರಿಂದ ಫೋನಾ?" ಎಂದು ವಿಚಾರಿಸುವರು. ಮತ್ತೆ ಮತ್ತೆ ಸಾರು ಕೇಳಿದವನಿಗೆ ಬಡಿಸಿ, ಅವನ ಆರೋಗ್ಯದ ಚಿಂತೆಯನ್ನೇ ಮಾಡುತ್ತಿರಲಿಲ್ಲ. ಇಡೀ ಆಯುಷ್ಯ ಹೀಗೆ ಬಡಿಸಿದವರಿಗೆ, ತಟ್ಟೆ ನೆಕ್ಕಿ ಮತ್ತೆ ಬಂದು ಕಾಲು ಸುತ್ತುವ ಬೆಕ್ಕಿನಲ್ಲಿ ಕಾಯಿಲೆ ಕಾಣುವುದಾದರೂ ಹೇಗೆ?

"ತಿನ್ನುತ್ತಾಳಲ್ಲ ಮಾರಾಯ್ತಿ, ಮತ್ತೆಂತ ರೋಗ? ನೀನು ಬ್ಯಾಂಕಿನವಳು, ನಿನಗೆ ಎಲ್ಲದಕ್ಕೂ ಚೆಕಿಂಗ್" ಎಂದು ಚಿಕ್ಕಪ್ಪ ಇನ್ನೊಂದು ಮೀನು ಹಾಕಿದರು. ಅವಳು ಅದನ್ನೂ ತಿಂದಳು, ಇನ್ನೂ ಸೊರಗಿದಳು. ರಾತ್ರಿಯ ಅನ್ನ ಬಿಟ್ಟರೂ ತೂಕ ಇಳಿಯದ ನನಗೆ ಮೊದಮೊದಲು ಅವಳ ಮೇಲೆ ಹೊಟ್ಟೆಕಿಚ್ಚೇ ಆಗಿತ್ತು ಅನ್ನಿ.

ಕೊನೆಗೆ ಒಂದು ಬೆಳಿಗ್ಗೆ ರಜೆ ಹಾಕಿ ಅವಳನ್ನು ಬುಟ್ಟಿಗೆ ತುಂಬಿದೆ. ಬೇಡ ಬೇಡ ಎನ್ನುತ್ತಲೇ ಚಿಕ್ಕಪ್ಪ ಟ್ಯಾಕ್ಸಿಯ ಮುಂದಿನ ಸೀಟಿನಲ್ಲಿ ಕುಳಿತರು. ಪರೇಲಿನ ಡಾಕ್ಟರಮ್ಮ ರಕ್ತ ತೆಗೆಸಿ ನೋಡಿ ಹೇಳಿದ್ದು ಇಷ್ಟು: ಥೈರಾಯಿಡ್ ಮಿತಿಮೀರಿದೆ, ಮುದಿ ಬೆಕ್ಕುಗಳಿಗೆ ಬರುವಂಥದ್ದೇ. ತಿಂದದ್ದೆಲ್ಲ ಒಳಗೆ ಉರಿದುಹೋಗುತ್ತದೆ, ಆ ಹಸಿವೇ ಕಾಯಿಲೆಯ ಗುರುತು. ಹೀಗೇ ಬಿಟ್ಟರೆ ಹೃದಯ ಸೋಲುತ್ತದೆ. ಬೆಳಿಗ್ಗೆ ಸಂಜೆ ಮಾತ್ರೆ ತಪ್ಪಕೂಡದು.

ಮಾತ್ರೆಯನ್ನು ಮೀನಿನೊಳಗೆ ಹುದುಗಿಸಿ ಕೊಡುವ ಕೆಲಸವನ್ನೂ ಚಿಕ್ಕಪ್ಪ ತಾವೇ ವಹಿಸಿಕೊಂಡರು. ಕೆಲವು ವಾರಗಳಲ್ಲಿ ಅವಳ ಬೆನ್ನು ತುಂಬಿಕೊಂಡಂತಿತ್ತು. 'ಅಂತಿತ್ತು' ಎನ್ನುತ್ತೇನೆ, ಏಕೆಂದರೆ ಕೈ ತನಗೆ ಬೇಕಾದದ್ದನ್ನೇ ಮುಟ್ಟಿ ಬರುತ್ತದೆ. ಹಾಗಿರುವಾಗ ಒಂದು ದಿನ ಕಾಳಿ ಅರ್ಧ ಮೀನು ಬಿಟ್ಟು ಎದ್ದುಹೋದಳು. ಮರುದಿನವೂ ಹಾಗೆಯೇ.

"ನೋಡು, ತಟ್ಟೆಯಲ್ಲಿ ಬಿಟ್ಟಿದ್ದಾಳೆ" ಎಂದರು ಚಿಕ್ಕಪ್ಪ. ಮಾತ್ರೆಯ ಡಬ್ಬಿಯನ್ನು ನನ್ನ ಕಡೆ ತಳ್ಳಿದರು. "ನಾಳೆಯಿಂದ ನಾನು ಕೊಡುವುದಿಲ್ಲ."

"ಹಸಿವು ಇಳಿಯಬೇಕು ಅಂತಲೇ ಕೊಡುವುದಲ್ಲವಾ ಚಿಕ್ಕಪ್ಪ?"

"ಹಸಿವು ಇಳಿಸುವ ಮದ್ದು. ಹೋಟೆಲಿನವನ ಹತ್ತಿರ ಬಂದು ಹೇಳುತ್ತೀಯಲ್ಲ."

"ಅಜ್ಜಾ, ಝಗಡಾ ಬೇಡ. ಡಾಕ್ಟರ್‌ಗೆ ಫೋನ್ ಮಾಡಿ ನಾ" ಎಂದಳು ಪೂಜಾ.

ಮಾಡಿದೆ. ಗುಣವಾಗಿ ಹಸಿವು ಹದಕ್ಕೆ ಬಂದಿರಬಹುದು, ಮಾತ್ರೆ ಒಗ್ಗದೆಯೂ ಇರಬಹುದು, ಥೈರಾಯಿಡ್ ಮುಚ್ಚಿಟ್ಟಿದ್ದ ಕಿಡ್ನಿಯ ತೊಂದರೆ ಈಗ ಹೊರಬಿದ್ದಿರಲೂಬಹುದು ಎಂದರು ಡಾಕ್ಟರಮ್ಮ. ಇನ್ನೊಮ್ಮೆ ರಕ್ತ ನೋಡದೆ ಹೇಳಲಾಗದು. ವಾಂತಿಯಾದರೆ, ಊಟ ಪೂರ್ತಿ ಬಿಟ್ಟರೆ ಕೂಡಲೇ ತನ್ನಿ. ಇಲ್ಲವಾದರೆ ಮಾತ್ರೆ ನಿಲ್ಲಿಸಬೇಡಿ.

"ನೀವು ಕೊಡದಿದ್ದರೆ ನಾನೇ ಕೊಡುತ್ತೇನೆ" ಎಂದು ಕಾಳಿಯನ್ನು ಹಿಡಿದೆ. ಅವಳು ಪರಚಿದಳು. ಚಿಕ್ಕಪ್ಪ, "ಇಲ್ಲಿ ಕೊಡು. ಬ್ಯಾಂಕಿನವರಿಗೆ ಕೈಗುಣ ಇಲ್ಲ" ಎಂದು ಅವಳನ್ನು ಮಡಿಲಿಗೆ ಎಳೆದುಕೊಂಡರು.

ನಿನ್ನೆ ಮತ್ತೆ ಪರೇಲಿಗೆ ಹೋಗಿ ರಕ್ತ ಕೊಟ್ಟು ಬಂದೆವು. ವರದಿ ಇನ್ನೂ ಬಂದಿಲ್ಲ. ಕುಕ್ಕರ್ ಇಳಿಸಿದ್ದೇನೆ. ಚಿಕ್ಕಪ್ಪ ಮೀನಿನ ಮುಳ್ಳು ಬಿಡಿಸಿ, ಮಾತ್ರೆ ಇಟ್ಟು, ಸ್ವಲ್ಪವೇ ಬಡಿಸಿದರು. ಅವಳು ಮಾತ್ರೆಯಿದ್ದ ತುಂಡು ತಿಂದು ಉಳಿದದ್ದನ್ನು ಬಿಟ್ಟಳು. ಅವರು ಸಂಜೆಯ ಮಾತ್ರೆ ತೆಗೆದಿಟ್ಟರು. ಸಂಜೆಗೂ ಕೊಡುತ್ತೇವೆ, ನಾಳೆಯೂ ಕೊಡುತ್ತೇವೆ. ಅವಳು ಬಿಡುತ್ತಿರುವುದು ಹೊಟ್ಟೆ ತುಂಬಿಯೋ, ಇನ್ನೊಂದು ಕಾಯಿಲೆಯಿಂದಲೋ, ನಮಗೆ ಗೊತ್ತಿಲ್ಲ.