ಗಿರಣಿ ಬಂದಾಗ ಊದುವ ಗುರುಪಾದಯ್ಯ

ತಿಕೋಟಾದ ಗುರುಪಾದಯ್ಯನಿಗೆ ಟ್ರಂಪೆಟ್ ಊದಲು ಬರುತ್ತದೆ ಎಂದರೆ ಅದು ಅರ್ಧ ಸತ್ಯ. ನಡೆಯುತ್ತ ನಡೆಯುತ್ತ ಊದಲು ಬರುತ್ತದೆ ಎನ್ನುವುದು ಪೂರ್ತಿ ಸತ್ಯ. ಕುರ್ಚಿಯಲ್ಲಿ ಕೂಡಿಸಿ ಊದಿಸಿದರೆ ಏನಾಗುತ್ತದೆ ಎಂಬುದನ್ನು ಹೋದ ಬೇಸಿಗೆಯವರೆಗೆ ಯಾರೂ ನೋಡಿರಲಿಲ್ಲ. ನೋಡಿದವರು ಇನ್ನೂ ಮರೆತಿಲ್ಲ.

ಹಗಲೆಲ್ಲ ಆತನಿಗೆ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಕೆಲಸ. ಯುಗಾದಿ ಕಳೆದ ಮೇಲೆ ಪ್ರತಿ ರವಿವಾರ, ಬಿಸಿಲು ಇಳಿಯುವ ಹೊತ್ತಿಗೆ, ಅವರ ಹನ್ನೊಂದು ಜನರ ಬ್ಯಾಂಡು ಬಸ್‌ಸ್ಟ್ಯಾಂಡಿನಿಂದ ಊರಬಾಗಿಲ ಅಗಸಿಯವರೆಗೆ ಬಾರಿಸುತ್ತ ಹೋಗುತ್ತದೆ. ಯಾರ ಮದುವೆಯೂ ಅಲ್ಲ, ಯಾರ ಗೆಲುವೂ ಅಲ್ಲ. ಸುಮ್ಮನೆ, ಊರಿಗೆ ಪುಕ್ಕಟೆ ಸಂಗೀತ. ಕಲಿಸಿದವನು ಕ್ಲಾರಿನೆಟ್ಟಿನ ಫಕ್ರುದ್ದೀನ ಮಾಸ್ತರ. ಮದುವೆ ಮೆರವಣಿಗೆಯಲ್ಲೇ ಕೂದಲು ಬೆಳ್ಳಗಾದ ಮನುಷ್ಯ. ಸ್ವರ ಬರೆದು ಕಲಿಸುವುದು ಅವನಿಗೆ ಗೊತ್ತಿಲ್ಲ, ಗೊತ್ತಿದ್ದದ್ದು ಆ ಬೀದಿ ಒಂದೇ.

"ಪಾನ್ ಅಂಗಡಿ ತನಾ ಸಾವಕಾಶ ಬಾರಸ್ರಿ. ಕಟಿಂಗ್ ಅಂಗಡಿ ಬಂತಂದ್ರ ಡ್ರಮ್ಮಿನವ್ರು ಜೋರ್ ಮಾಡ್ರಿ. ಗಿರಣಿ ಬಂದಾಗ ಎಲ್ಲಾರೂ ಬಂದ್. ನಮ್ಮ ಅಯ್ಯಾರು ಒಬ್ಬರ ಊದ್ಲಿ."

ಇಷ್ಟೇ ಪಾಠ. ಹನ್ನೆರಡು ಬೇಸಿಗೆ ಇದರ ಮೇಲೆಯೇ ನಡೆಯಿತು. ಗಿರಣಿಯ ಮುಂದೆ ಗುರುಪಾದಯ್ಯ ಕಣ್ಣು ಮುಚ್ಚಿ, ಗಲ್ಲ ಉಬ್ಬಿಸಿ, ಏಳು ಉಸಿರಿನಷ್ಟು ಒಬ್ಬನೇ ಊದುತ್ತಿದ್ದ. ಕಣ್ಣು ತೆರೆಯುವಷ್ಟರಲ್ಲಿ ಎರಡು ಮನೆ ದಾಟಿರುತ್ತಿದ್ದ.

ಆ ಹಿಟ್ಟಿನ ಗಿರಣಿ ನಡೆಸುವವಳು ಆತನ ಹೆಂಡತಿ ಮುರಿಗೆವ್ವ. ಗುರುಪಾದಯ್ಯನಿಗೆ ಜೀವನದಲ್ಲಿ ಇದ್ದ ಆಸೆ ಒಂದೇ: ಆ ಏಳು ಉಸಿರನ್ನು ಹೆಂಡತಿ ಒಮ್ಮೆ ಕೇಳಬೇಕು. ದೊಡ್ಡ ಆಸೆಯೇನಲ್ಲ. ಆದರೆ ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗೆ, ಬ್ಯಾಂಡು ಮುಂದೆ ಬರುವುದಕ್ಕೂ ಗಿರಣಿ ನಿಲ್ಲುವುದಕ್ಕೂ ಸರಿ ಹೋಗುತ್ತಿತ್ತು. ಮನೆಗೆ ಬಂದು, "ಇವತ್ತರ ಕೇಳಿದೇನು?" ಎಂದರೆ ಅದೇ ಉತ್ತರ:

"ಯಾವಾಗ ಹಾದು ಹೋದ್ರಿ? ಕರೆಂಟ್ ಹೋತು, ನಾ ಚಾ ಕಾಸಾಕ ಒಳಗ ಹೋಗಿದ್ದೆ."

ಸಿಟ್ಟೆಲ್ಲ ಹೋಗಿ ಬಿದ್ದದ್ದು ಪಾಪ, ಲೈನ್‌ಮನ್ ಇಸಾಕನ ಮೇಲೆ. "ಅಲ್ಲೋ ಇಸಾಕ, ರವಿವಾರ ಸಂಜಿಕ ನಮ್ಮ ಗಿರಣಿ ಮ್ಯಾಲ ಏನ್ ದ್ವೇಷ ಐತೋ ನಿನಗ?" ಎಂದು ಚಹಾದಂಗಡಿಯಲ್ಲಿ ನಾಲ್ಕು ಜನರ ಮುಂದೆ ಝಾಡಿಸುತ್ತಿದ್ದ.

"ಅಯ್ಯಾರ, ನಿಮ್ಮಾಣಿ, ನಾ ತಂತಿ ಮುಟ್ಟೇ ಇಲ್ರಿ!"

"ಕಳ್ಳಗೊಂದು ಪಿಳ್ಳೆ ನೆವ!" ಎಂದು ಗುರುಪಾದಯ್ಯ ಎದ್ದು ಹೋಗುತ್ತಿದ್ದ.

ಹೋದ ವರ್ಷ ವಿಜಯಪುರದ ಒಂದು ಬಡಾವಣೆಯವರು ತಮ್ಮ ಉದ್ಯಾನದಲ್ಲಿ ಬಾರಿಸಲು ಕರೆದರು. ವೇದಿಕೆ, ಮೈಕು, ಮೇಲೆ ಹನ್ನೊಂದು ಕುರ್ಚಿ! ಬ್ಯಾಂಡಿನವರಿಗೆ ಕುರ್ಚಿ ಎಂದರೆ ಸಣ್ಣ ಮಾತೇ? ಹಿಗ್ಗಿನಲ್ಲಿ ಯಾರಿಗೂ ಬೇರೆ ಏನೂ ಹೊಳೆಯಲಿಲ್ಲ. ಗುರುಪಾದಯ್ಯನಂತೂ ಹೆಂಡತಿಗೆ ಗಂಟುಬಿದ್ದ.

"ನೀ ಬರಾಕಬೇಕು. ಅಲ್ಲಿ ಕರೆಂಟ್ ಹೋದ್ರೂ ಚಾ ಕಾಸಾಕ ಒಳಗ ಹೋಗಾಕ ಮನಿ ಇಲ್ಲ."

ಮುರಿಗೆವ್ವ ನಕ್ಕಳು. ಗಿರಣಿಗೆ ಬೀಗ ಹಾಕಿ, ಇಳಕಲ್ ಸೀರೆ ಉಟ್ಟು ಬಸ್ಸು ಹತ್ತಿದಳು, ಹೋಗಿ ಮೊದಲ ಸಾಲಿನಲ್ಲೇ ಕೂತಳು.

ಮಾಸ್ತರ ಶುರು ಮಾಡಿದ. ಸಾವಕಾಶದ ಭಾಗ ಚೆನ್ನಾಗಿ ಬಂತು. ಬಂತು, ಬಂತು, ಬರುತ್ತಲೇ ಇತ್ತು. ಪಾನ್ ಅಂಗಡಿ ಎಲ್ಲಿದೆ? ಡ್ರಮ್ಮಿನವರು ಮಾಸ್ತರನನ್ನು ನೋಡಿದರು, ಮಾಸ್ತರ ಉದ್ಯಾನವನ್ನು ನೋಡಿದ. ಕೊನೆಗೆ ಅಂದಾಜಿನ ಮೇಲೆ ಜೋರು ಮಾಡಿದರು. ಮಾಡಿದ್ದೇ ತಪ್ಪಾಯಿತು, ಈಗ ನಿಲ್ಲಿಸುವುದು ಹೇಗೆ? ಗಿರಣಿ ಬರಬೇಕಲ್ಲ! ಗುರುಪಾದಯ್ಯ ಟ್ರಂಪೆಟ್ ತುಟಿಗಿಟ್ಟು ಎಡಕ್ಕೆ ನೋಡಿದ, ಭೇಲ್‌ಪುರಿ ಗಾಡಿ. ಬಲಕ್ಕೆ ನೋಡಿದ, ನೀರಿನ ಟಾಕಿ. ಕುರ್ಚಿಯ ಕೆಳಗೆ ಇಪ್ಪತ್ತೆರಡು ಕಾಲು ಒಂದೇ ಸಮನೆ ನಡೆಯುತ್ತಿದ್ದವು, ಊರು ಮಾತ್ರ ಬರುತ್ತಿರಲಿಲ್ಲ. ಕಟಿಂಗ್ ಅಂಗಡಿಯ ಮುಂದೆಯೇ ಆರನೇ ಸುತ್ತು ನಡೆದಿತ್ತು.

"ಇವ್ರೇನು ಇಡೀ ರಾತ್ರಿ ಇದನ್ನ ಬಾರಸ್ತಾರೇನ್ರಿ?" ಎಂದು ಹಿಂದಿನಿಂದ ಯಾರೋ ಅಂದರು. ಒಬ್ಬಿಬ್ಬರು ಎದ್ದರು. ಹನ್ನೆರಡು ವರ್ಷ ಕಾದು, ಹೆಂಡತಿಯನ್ನು ಇಷ್ಟು ದೂರ ಕರೆತಂದು, ಕಡೆಗೆ ಊದದೇ ಮನೆಗೆ ಹೋಗಬೇಕೆ? ಗುರುಪಾದಯ್ಯನಿಗೆ ಅವಮಾನಕ್ಕಿಂತ ದುಃಖವೇ ಹೆಚ್ಚಾಯಿತು, ಕಣ್ಣಲ್ಲಿ ನೀರೇ ಬಂತು.

ಆಗ ಮುರಿಗೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು. ಕೈ ಮೇಲೆತ್ತಿ, ಗೋಡೆಯ ಸ್ವಿಚ್ಚನ್ನು ಎಳೆಯುವಂತೆ ಖಟ್ಟನೆ ಕೆಳಗೆ ತಂದಳು.

"ಗಿರಣಿ ಬಂದ್ ಮಾಡೇನ್ರಿ! ಊದ್ರೀ!"

ಹತ್ತು ವಾದ್ಯ ಒಮ್ಮೆಲೇ ನಿಂತವು. ಗುರುಪಾದಯ್ಯ ಊದಿದ. ಮೂರು ಉಸಿರಿನವರೆಗೆ ಆತನಿಗೆ ಏನೂ ತಿಳಿಯಲಿಲ್ಲ. ನಾಲ್ಕನೆಯದಕ್ಕೆ ತಿಳಿಯಿತು. ತಾನು ಊದುವ ಹೊತ್ತಿಗೆ ಆ ಕೈ ಗಿರಣಿ ಬಂದ್ ಮಾಡಿದ್ದು ಇದು ಮೊದಲ ಸಲವಲ್ಲ! ಸ್ವರ ಸೊಟ್ಟಗಾಗಿ ಎಲ್ಲಿಗೋ ಹೋಯಿತು. ಐದು, ಆರು, ಏಳು ಉಸಿರನ್ನು ಆತ ಕಣ್ಣು ತೆರೆದು, ಹೆಂಡತಿಯ ಮುಖವನ್ನೇ ನೋಡುತ್ತ ಊದಿದ. ಜನ ಚಪ್ಪಾಳೆ ತಟ್ಟಿದರು. ಹೆಂಗಸು ಎದ್ದು ಕೂಗುವುದೂ ಕಾರ್ಯಕ್ರಮದ ಭಾಗವೇ ಎಂದುಕೊಂಡಿದ್ದರಂತೆ.

ತಿರುಗಿ ಬರುವ ಬಸ್ಸಿನಲ್ಲಿ ಗುರುಪಾದಯ್ಯ ಹೆಂಡತಿಯ ಕಡೆ ತಿರುಗಿದ. "ಹನ್ನೆರಡು ವರ್ಷ ನೀನ ಬಂದ್ ಮಾಡ್ತಿದ್ದೇನು? ಒಮ್ಮೆರ ಹೇಳಬಾರದಾಗಿತ್ತ?"

"ಹೇಳಿದ್ರ ಏನಾಗ್ತತಿ ಅಂತ ಇವತ್ತ ನೋಡಿದ್ರಲ್ಲ," ಎಂದಳು ಮುರಿಗೆವ್ವ. "ನಾ ಕೇಳಾಕತ್ತೇನಿ ಅಂತ ಗೊತ್ತಾದ ಕೂಡಲೇ ನಾಕನೇ ಉಸುರು ಸೊಟ್ಟ ಆತು. ಉಳದ ರವಿವಾರ ಎಲ್ಲಾ ನೆಟ್ಟಗ ಇರ್ತಿತ್ತು."

ಮರುದಿನ ಬೆಳಿಗ್ಗೆ ಗುರುಪಾದಯ್ಯ ಎರಡು ಕಿಲೋ ಒಣದ್ರಾಕ್ಷಿ ಕಟ್ಟಿಕೊಂಡು ಇಸಾಕನ ಮನೆಗೆ ಹೋಗಿ ತಪ್ಪಾಯಿತೆಂದ. ಮುಂದಿನ ರವಿವಾರ ಬ್ಯಾಂಡು ಬೀದಿಗೆ ಬಂದಾಗ ಗಿರಣಿ ಥಟ್ಟನೆ ನಿಂತಿತು. ಜೋಳದ ಡಬ್ಬಿ ಹಿಡಿದು ಸಾಲು ನಿಂತವರು ಗೊಣಗಿದರು. ಹುಬ್ಬಿನವರೆಗೆ ಹಿಟ್ಟು ಮೆತ್ತಿಕೊಂಡ ಮುರಿಗೆವ್ವ ಬಾಗಿಲಿಗೆ ಬಂದು, "ಕರೆಂಟ್ ಹೋಗೇತಿ, ಗಪ್ ನಿಂದರ್ರಿ!" ಎಂದು ಗದರಿದಳು. ಅವಳ ನೆತ್ತಿಯ ಮೇಲೆ ಬಲ್ಬು ಝಗಝಗ ಉರಿಯುತ್ತಿತ್ತು. ಗುರುಪಾದಯ್ಯ ಅದನ್ನು ನೋಡಿದ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ, ಊದಿದ.